ಪಟ್ಟಿಗೊಂದು ತಿರುವು

ಮೂವತ್ತೆರಡು ವರ್ಷ ಪರಸಿ ಕಟ್ಟೀನಿ ನಾ,
ಶಹಾಬಾದದ ಕಲ್ಲು, ಲಾರಿಗಟ್ಟಲೆ.
ಕಲ್ಲಿಗೆ ಹಗ್ಗ ಬರೇ ನೆಪ.
ತನ್ನ ಭಾರಕ್ಕ ತಾನೇ ಕೂತಿರ್ತದ,
ಮದಿವಿ ಮನ್ಯಾಗ ಮುನಿದು ಕೂತ ಮಾವನ್ಹಂಗ,
ಎಬ್ಬಿಸಿದರೂ ಏಳಂಗಿಲ್ಲ.

ಇವತ್ತ ಮುಂಜಾನೆ ಫರ್ಹೀನ ತಂದಳು
ತೆರಿ ಮ್ಯಾಲ ನಿಂದ್ರೋ ಹಲಗಿ.
ಎಂಟು ಫೂಟು ಉದ್ದ, ಒಂದೇ ಕೈಲೆ ಎತ್ತಿದೆ,
ಎತ್ತಿ ಹೆದರಿದೆ.
ಒಳಗ ಬರೇ ಬುರುಗಂತ,
ಹೊರಗ ನಮ್ಮ ನೀರಿನ ಟಾಕಿಗೆ ಇರ್ತದಲ್ಲ, ಅದೇ ಫೈಬರ್.

ಅಕಿ ಕರಾವಳಿ ಪೊಲೀಸಿನಾಕಿ, ಮಲ್ಪೆದಾಗ ಡ್ಯೂಟಿ.
ಬರುವಾಗ ಬಸ್ಸಿನ ಮ್ಯಾಲ ಒಗದು ತಂದಿದ್ದಳು;
ದಾರ್ಯಾಗ ಯಾರೋ ಸೈಕಲ್ ಹೇರಿ
ಹಲಗಿ ಮೂತಿ ಒಡಕೊಂಡು ಊರಿಗೆ ಬಂತು.
ಅವರಪ್ಪ ಖಾಜಾಮಿಯಾ ಸೋರೋ ಟಾಕಿ ಮುಚ್ಚಾಂವ,
ಮೂರು ದಿನ ಉಜ್ಜಿ ಉಜ್ಜಿ ತ್ಯಾಪಿ ಹಚ್ಚಿದ,
ಒಣಗಿದ ಮ್ಯಾಲ ಬಾಯ್ತುಂಬ ನೀರು ಉಗುಳಿ ನೋಡಿದ.
"ಒಂದು ಹನಿ ಹೀರಂಗಿಲ್ಲ."
ಸಮುದ್ರಾನೇ ನೋಡಲಾರದ ಮನಷ್ಯಾ
ಸಮುದ್ರಕ್ಕ ಕೊಟ್ಟ ಗ್ಯಾರಂಟಿ ಅದು.

ಈಗ ಹೊಳ್ಳಿ ಹೋಗಬೇಕು.
ಅಣ್ಣನ ಹಳೇ ವ್ಯಾನು, ನೆತ್ತಿ ಮ್ಯಾಲ ಎರಡು ಸಲಾಕಿ.
"ಕಾಕಾ, ನೀವೇ ಕಟ್ಟಿಕೊಡ್ರಿ."
ನಾ ಕಲ್ಲಿಗೆ ಜಗ್ಗೋ ಹಾಂಗ ಜಗ್ಗಿದೆ,
ವ್ಯಾನಿಗೆ ಕಾಲು ಕೊಟ್ಟು.
ಕಿರ್ ಅಂತು ಹಲಗಿ.
ಖಾಜಾಮಿಯಾ ಹಲ್ಲು ಕಚ್ಚಿದ.
"ಅದಕ್ಕ ಉಸಿರಾಡಲಿಕ್ಕಿ ಬಿಡ್ರಿ ಕಾಕಾ!"

ಆಮ್ಯಾಲ ಅಕಿನೇ ಕಲಿಸಿದಳು.
ಸಲಾಕಿಗೆ ಮೆತ್ತಗ ಚಿಂದಿ ಸುತ್ತೋದು.
ರೆಕ್ಕಿ ಮುಂದ, ಆಕಾಶದ ಕಡಿ ಮಾರಿ ಮಾಡಿ.
ಹಗ್ಗ ಬ್ಯಾಡ, ಅಗಲ ಪಟ್ಟಿ,
ಬಕಲ್ಲು ಹಲಗಿಗೆ ಬಡೀಬಾರದು.
ಹೊರಗ ಚಾಚಿದ ತುದಿಗೆ ಕೆಂಪು ಬಟ್ಟಿ.
ಮತ್ತ ನಮ್ಮ ಬಿಸಿಲು, ನಲವತ್ಮೂರು ಡಿಗ್ರಿ,
ಮೈಗೆ ತಿಕ್ಕಿದ ಮೇಣ ಕರಗಿ ಇಳೀತದ,
ಬುರುಗು ಉಬ್ಬಿ ಸಿಪ್ಪಿ ಬಿಡ್ತದ.
ಅದಕ್ಕ ಅವರಮ್ಮ ಲುಂಗಿ, ದುಪಟ್ಟಾ ಕೂಡಿಸಿ ಹೊಲದ ಕೌದಿ
ಉದ್ದಕ ಹೊದಿಸಿ, ಮ್ಯಾಲ ಬಿಳೀ ಚಾದರ ಹಾಸಿದಳು.

ನೋಡೋರಿಗೆ ಬ್ಯಾರೇನೇ ಕಂಡಿತು.
ವಾಡಿ ಕಡಿಂದ ಬಂದ ಸೈಕಲ್ಲಿನ ಮುದುಕ
ಇಳದು, ತಲಿ ಬಗ್ಗಿಸಿ ನಿಂತ.
ಫರ್ಹೀನ ನಗಲಿಲ್ಲ. ಸುಮ್ಮನ ಚಾದರ ತಗದಳು,
ಕೌದಿಯ ಹಳದಿ ಹೂವು ಬಿಸಿಲಿಗೆ ಬಿದ್ದವು.
"ಜಿಂದಾ ಅದ ಚಾಚಾ," ಅಂದಳು.

ಹತ್ತು ಮೈಲು ಹೋಗಿ ನಿಲ್ಲಿಸಿ
ಮುಟ್ಟಿ ನೋಡಬೇಕಂತ, ಅದಕ್ಕ ನಾನೂ ಹತ್ತಿದೆ.
ವ್ಯಾನು ಐವತ್ತು ದಾಟಿತೋ ಇಲ್ಲೋ
ಪಟ್ಟಿ ಗುಂಯ್ ಅನ್ಲಿಕತ್ತು,
ನೆತ್ತಿ ಮ್ಯಾಲ ಜೇನುಗೂಡು ಹೊತ್ತಾಂಗ.
ಇಳದೆವು. ತೊಗರಿ ಕಿತ್ತ ಹೊಲ,
ಬಾಯಿ ಬಿಟ್ಟ ಕರೀ ನೆಲ. ಗಾಳಿ ಮಾತ್ರ ಜೋರು.
ಅಕಿ ಪಟ್ಟಿ ಬಿಚ್ಚಿ ಒಂದು ತಿರುವು ಹಾಕಿದಳು.
ಒಂದೇ. ಸೀರಿ ಹಿಂಡೋ ಮುಂದ
ಮೊದಲ ಸಲ ಕೈ ತಿರುಗ್ತದಲ್ಲ, ಅಷ್ಟು.
"ಸಪಾಟಿದ್ದರ ಗಾಳಿ ಹಿಡಕೊಂಡು ಕುಣಸ್ತದ್ರಿ.
ಒಂದು ಮುರಿ ಇದ್ದರ ಬಿಟ್ಟು ಹೋಗ್ತದ."

ಮತ್ತ ಹೊಂಟಿವಿ. ಗಪ್.
ನಮ್ಮ ಮಾತು ನಮಗ ಕೇಳಿಸ್ತು, ಮಾತೇ ಇದ್ದಿಲ್ಲ.
ಮೂವತ್ತೆರಡು ವರ್ಷದಾಗ ಒಮ್ಮೀನೂ
ಗಾಳಿ ಬಗ್ಗೆ ವಿಚಾರ ಮಾಡಿದ್ದಿಲ್ಲ ನಾ.

ಭೀಮಾ ಪುಲ್ಲಿನ ಈ ಕಡಿ ಇಳದೆ.
"ಮುಟ್ಟಿದ ಮ್ಯಾಲ ಫೋನ್ ಹಚ್ಚು. ಗಂಟು ಹ್ಯಾಂಗದ ಹೇಳು."
"ಗಂಟೆಲ್ಲದ ಕಾಕಾ? ಬಕಲ್ಲದು."
ಹೌದಲ್ಲ, ಅಂದೆ.

ಕೈಗೆ ಹತ್ತಿದ ಮೇಣಕ್ಕ ಕೊಬ್ಬರಿ ವಾಸನಿ,
ಸಂಜಿ ರೊಟ್ಟಿ ಮುರಿಯುವಾಗೂ ಹೋಗಿದ್ದಿಲ್ಲ.

ರಾತ್ರಿ ಸೋಲಾಪುರದ ಲೋಡು. ಇಪ್ಪತ್ತು ಟನ್ ಪರಸಿ.
ಕಡೀ ಹಗ್ಗ ಜಗ್ಗೋ ಮುಂದ
ಕೈ ತಾನೇ ಒಂದು ತಿರುವು ಹಾಕಿತು.
ಹಮಾಲ ಭೀಮಶಾ ಬ್ಯಾಟರಿ ಬಿಟ್ಟು ನೋಡಿ
ಹೊಟ್ಟಿ ಹಿಡಕೊಂಡು ನಕ್ಕ:
"ಏ ಸಾಯಬಣ್ಣಾ, ಕಲ್ಲು ಹಾರ್ತಾವೇನೋ?"

ನಾ ಬಿಚ್ಚಲಿಲ್ಲ.