ನಡೆಸದ ಕಾರಣ

ಮೇರು ಪಟ್ಟಣದ ಭೂನ್ಯಾಯಾಲಯದ ಕಡತಕೋಣೆಯಲ್ಲಿ
ಹದಿನೇಳು ವರ್ಷದ ಗುಮಾಸ್ತ ನಾನು.
ಈ ತಿಂಗಳ ಕೆಲಸ: ವರ್ಷದಿಂದ ಮಿಸುಕದ ಫೈಲುಗಳ
ಮೂಗಿಗೆ ಹತ್ತಿ ಹಿಡಿದು ನೋಡುವುದು.

ಹತ್ತಿ ಅಲುಗದವಕ್ಕೆಲ್ಲ ನೋಟೀಸು ಹೋಯಿತು:
ಯಾಕೆ ವಜಾ ಮಾಡಬಾರದು, ಬಂದು ಹೇಳಿ.
ಅರ್ಧಕ್ಕರ್ಧ ವಾಪಸು ಬಂದವು.
ಆ ವಿಳಾಸದಲ್ಲಿ ಈಗ ಚಹಾ ಗಿಡ, ಇಲ್ಲಾ ಗೋರಿ.

ಗುರುವಾರ ಒಂಬತ್ತಕ್ಕೆ ನ್ಯಾಯಾಧೀಶೆ ಕೂತರು.
ಹನ್ನೊಂದರ ಚಹಾದೊಳಗೆ ನಲವತ್ತೊಂದು ದಾವೆ.
ಬಾಗಿಲಲ್ಲಿ ನಿಂತು ನಾನು ಮೂರು ಸಲ ಕೂಗಬೇಕು:
ರುಕುಂಗ ವಾದಿ! ಕಿಯಾಂಬಾತಿ ಪ್ರತಿವಾದಿ!
ಬೆಂಚಿನ ಮೇಲೊಬ್ಬ ಬಾಳೆಹಣ್ಣು ಸುಲಿಯುತ್ತಿದ್ದ,
ತಲೆ ಎತ್ತಲಿಲ್ಲ.

'ನಡೆಸದ ಕಾರಣ ವಜಾ.'
ಮೊಹರು ಹೊಡೆದೆ.

ನಡೆಯಲಿಲ್ಲವೇ?
ಅಣ್ಣತಮ್ಮ ಇಬ್ಬರೂ ಇಗೋಜಿಯಿಂದ
ಒಂದೇ ಮಟಾಟು ವ್ಯಾನಿನಲ್ಲಿ ಬರುತ್ತಿದ್ದರು,
ಒಬ್ಬ ಮುಂದೆ, ಒಬ್ಬ ಹಿಂದೆ.
ಚಿಲ್ಲರೆ ಇಲ್ಲದ ದಿನ ಒಬ್ಬನ ಚಾರ್ಜು
ಇನ್ನೊಬ್ಬ ಕೊಟ್ಟದ್ದೂ ಉಂಟಂತೆ, ಕಂಡಕ್ಟರು ಹೇಳಿದ್ದ.
ಮುಂದಿನ ವಾಯಿದೆ ಬರೆದುಕೊಳ್ಳಲು ಇಬ್ಬರಿಗೂ ನನ್ನದೇ ಪೆನ್ನು.

ಗಡಿಗೆ ನೆಟ್ಟ ಲಿಲಿಗಳೂ ನಡೆದವು,
ವರ್ಷಕ್ಕೊಂದು ಗೇಣು, ರಾತ್ರಿ ಹೊತ್ತು,
ಒಮ್ಮೆ ಇವನ ಕಾಫಿಯೊಳಕ್ಕೆ, ಒಮ್ಮೆ ಅವನ ಬಾಳೆಯೊಳಕ್ಕೆ.
ಆಮೇಲೆ ವಾದಿ ನಡೆದ.
ಎರಡು ಮಳೆ ಬಿಟ್ಟು ಪ್ರತಿವಾದಿ.
ನಿಂತದ್ದು ಫೈಲು ಒಂದೇ.

ಹನ್ನೆರಡೂಕಾಲಿಗೆ ಬಂದಳು ಕನಾರಿಯೊ, ರುಕುಂಗನ ಹೆಂಡತಿ.
ದಾರಿಯಲ್ಲಿ ಟೈರು ಪಂಚರಾಯಿತಂತೆ.
ಕೈಯಲ್ಲಿ ನೋಟೀಸು, ನಾಲ್ಕು ಮಡಿಕೆ, ಬೆವರಿಗೆ ಒದ್ದೆ.
ಮುಗಿಯಿತಮ್ಮ, ಅಂದೆ.
ಯಾರು ಗೆದ್ದರು, ಅಂದಳು.
ಯಾರೂ ಇಲ್ಲ.
ಹಾಗಾದರೆ ಗಡಿ?
ನಾನು ಬೀಗದ ಕೈ ಹುಡುಕಿದೆ.

ಕಪಾಟಿನಿಂದ ತೆಗೆದುಕೊಟ್ಟದ್ದು ನಿಶಾನೆ ಮೂರು:
ಲಿಲಿ ಗಡ್ಡೆ, ಒಂದು, ಕಂದು ಲಕೋಟೆಯಲ್ಲಿ.
ಈರುಳ್ಳಿಯ ಹಾಗೆ ಬಿಡಿಸಿದಳು ಅಲ್ಲೇ ಮೇಜಿನ ಮೇಲೆ,
ಸಿಪ್ಪೆಯೊಳಗೆ ಸಿಪ್ಪೆ, ಕೊನೆಗೆ ಚಿಟಿಕೆ ಹುಡಿ,
ಅದನ್ನೂ ಫ್ಯಾನು ಒಯ್ದಿತು.
'ಇದನ್ನು ಕಿತ್ತದ್ದು ಯಾವ ಜಾಗದಿಂದ?'

ಬರೆದಿರುತ್ತೆ, ಅಂದೆ. ನೋಡಲಿಲ್ಲ.
ರಿಜಿಸ್ಟರು ಅವಳ ಕಡೆ ತಿರುಗಿಸಿದೆ,
ವಸ್ತು ವಾಪಸು ಪಡೆದದ್ದಕ್ಕೆ ರುಜು.
ಹೆಬ್ಬೆಟ್ಟಿಗೆ ಮಸಿ ಒತ್ತಿಕೊಂಡು
ಗಾಳಿಯಲ್ಲೇ ಕೈ ನಿಲ್ಲಿಸಿ ಕೇಳಿದಳು:
ಗೆರೆಯ ಈ ಕಡೆಯೋ, ಆ ಕಡೆಯೋ?

ಮೇಲೆ, ಅಂದೆ.
ಗೆರೆಯ ಮೇಲೆ.