ಭಾರ ಹೊರದ ಎಲುಬು

ಎರ್ರಿಸ್ವಾಮಿ ಡಾಕ್ಟರು ಎಕ್ಸ್‌ರೇ ಹಾಳೆಯನ್ನು
ಕಿಟಕಿಯ ಬಿಸಿಲಿಗೆ ಹಿಡಿದರು.
ಬೆಳ್ಳಗೆ ಒಂದು ದಪ್ಪ ಎಲುಬು, ಅದರ ಪಕ್ಕಕ್ಕೆ
ದಬ್ಬಣದಂಥ ಇನ್ನೊಂದು,
ತುದಿಯಲ್ಲಿ ಬಿಟ್ಟುಕೊಂಡ ಚೂರು.
‘ಇದು ಭಾರ ಹೊರೋದಲ್ಲ ನೋಡಪಾ.
ಯಾವ ಕಾಲದಾಗೋ ಕುದುರಿಗೆ ಬೆರಳಿದ್ದವು.
ಬೆರಳು ಹೋದವು, ಇದು ಉಳಕೊಂತು.’

ಕೆಲಸವಿಲ್ಲದ ಎಲುಬು.
ಅದಕ್ಕಾಗಿ ನನ್ನ ಕಬೂತ್ರಿ ಹನ್ನೊಂದು ದಿನದಿಂದ
ಬಲ ಹಿಂಗಾಲನ್ನು ಊರಿಯೂ ಊರದೆ
ಸುಡುವ ಹಂಚಿನ ಮೇಲೆ ನಿಂತ ಹಾಗೆ ನಿಂತಿದ್ದಾಳೆ.

ಕೌಲ್‌ಬಜಾರಿನ ಮೆರವಣಿಗೆಯಲ್ಲಿ ಆದದ್ದು.
ಪಟಾಕಿಗೆ ಬೆದರಿ ಹಿಂದಕ್ಕೆ ಸರಿದಳು,
ಹಿಂದೆ ಜನರೇಟರ್ ಗಾಡಿಯ ಕಬ್ಬಿಣವಿತ್ತು.
ಬ್ಯಾಂಡಿನವರು ನಿಲ್ಲಿಸಲಿಲ್ಲ.
ಮೇಲಿದ್ದ ಮದುಮಗನನ್ನು ಬೀಳಿಸದೆ
ಮೂರು ಕಾಲಲ್ಲಿ ಶಾದಿಮಹಲಿನ ಬಾಗಿಲಿಗೆ ತಂದಳು.
ಬಾಡಿಗೆ ಪೂರಾ ಕೊಟ್ಟರು.
ನಿಂತು ಎಣಿಸಿಕೊಂಡೆ.

‘ಬೀದರಿಗೆ ಒಯ್ದರ ಕೊಯ್ದು ಚೂರು ತೆಗೀತಾರ.
ಇಲ್ಲಾ, ಹೊಲಕ್ಕ ಬಿಡು. ಮೂರು ತಿಂಗಳು
ನೊಣ ಬಿಟ್ಟರ ಬ್ಯಾರೆ ಯಾರೂ ಮ್ಯಾಲೆ ಕೂಡಬಾರದು.’
ಯಾವುದು ಪಾಡು ಸರ್ ಅಂದೆ.
‘ನನ್ನ ಕುದುರಿ ಆಗಿದ್ದರ…’ ಎಂದು ಶುರುಮಾಡಿದವರು
ಹೊರಗೆ ಎಮ್ಮೆಯೊಂದು ಕೂಗಿತೆಂದು ಎದ್ದು ಹೋದರು.

ಹೊನ್ನೂರಬಿ ಕೊಯ್ಸು ಅಂದಳು.
‘ನನಗ ಎರಡು ಸರ್ತಿ ಹೊಟ್ಟಿ ಕೊಯ್ದಾರ,
ಎದ್ದು ರೊಟ್ಟಿ ಬಡೀಲಿಲ್ಲೇನು?’
ಕಿವಿಯ ಓಲೆ ಬಿಚ್ಚಿ ಮೊರದಲ್ಲಿಟ್ಟಳು, ಅಕ್ಕಿಯ ಪಕ್ಕ.

ನಾಲಬಂದ ಪೀರಾಸಾಬ ಬ್ಯಾಡಂದ.
‘ಮನಿಶಾ ಎಚ್ಚರಾದರ ಎಲ್ಲಿದೀನಿ ಅಂತ ಕೇಳ್ತಾನ.
ಕುದುರಿ ಕೇಳಂಗಿಲ್ಲ, ಓಡತೈತಿ.
ಮಲಗಿದಲ್ಲೇ ಓಡತೈತಿ.
ಒಂದು ಎಲುಬಿಗಂತ ಹೋಗಿ ಇನ್ನೊಂದು ಮುರಕೊಂಡದ್ದು
ಕಂಡೀನಿ ನಾನು.’
‘ಎಲ್ಲಿ ಕಂಡಿ?’ ಅಂದಳು ಇವಳು.
ಅವನು ಬೀಡಿ ಹಚ್ಚಿದ.

ರಾತ್ರಿ ಲಾಯದಲ್ಲೇ ಮಲಗಿದೆ.
ನನ್ನ ಎಡಗೈಯ ಕಿರುಬೆರಳು ಸೊಟ್ಟ.
ಹುಡುಗನಾಗಿದ್ದಾಗ ಟಾಂಗಾ ಗಾಲಿಗೆ ಸಿಕ್ಕಿದ್ದು;
ಅಪ್ಪ ಬಿದಿರಿನ ಸೀಳು ಕಟ್ಟಿ ಬಿಟ್ಟುಬಿಟ್ಟ.
ತನಗೆ ತಿಳಿದ ಹಾಗೆ ಅದು ಕೂಡಿಕೊಂಡಿತು.
ಲಗಾಮಿಗೆ ಎಂದೂ ಅಡ್ಡ ಬಂದಿಲ್ಲ,
ಮೋಡ ಕಟ್ಟಿದರೆ ಮಾತ್ರ ನೋಯುತ್ತದೆ.
ಬಳ್ಳಾರಿಯಲ್ಲಿ ಮೋಡ ಕಟ್ಟುವುದು ಎಷ್ಟು ದಿನ?

ಇದೇ ಕಾರಣವೆಂದು ಆಣೆ ಮಾಡಲಾರೆ.
ಕತ್ತಿಗೆ ಹೆದರಿದೆನೋ, ಲಾರಿಯ ಬಾಡಿಗೆಗೋ,
ಎರಡೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ.
ಬೆಳಗ್ಗೆ ಎದ್ದು ಓಲೆಯನ್ನು ಅವಳ ಕೈಗೆ ಕೊಟ್ಟೆ.
ಎರಡು ದಿನ ಅವಳು ಹಾಕಿಕೊಳ್ಳಲಿಲ್ಲ.

ಹೊಲವಿಲ್ಲದವನು ಹೊಲಕ್ಕೆ ಬಿಡುವುದು ಹೇಗೆ?
ಎರೆಭೂಮಿ ಬೇಡ, ಬಿರುಕಿಗೆ ಗೊರಸು ಸಿಕ್ಕೀತು.
ಮೋಕಾದ ಗಾದಿಲಿಂಗಪ್ಪ ಹಗರಿ ದಂಡೆಯಲ್ಲಿ
ಶೇಂಗಾ ಕಿತ್ತ ಉಸುಕುನೆಲ ತೋರಿಸಿದ.
ಏನು ಕೊಡಲಿ ಅಂದರೆ
‘ಲದ್ದಿ ಹಾಕತೈತಲ್ಲ’ ಅಂದ.

ಪೀರಾಸಾಬ ನಾಲು ಕಿತ್ತ.
ಬರಿಗಾಲಲ್ಲಿ ಅವಳನ್ನು ನಾನು ನೋಡೇ ಇರಲಿಲ್ಲ.
ಬೇಲಿಯೊಳಗೆ ಬಿಟ್ಟಾಗ ನಡೆಯಲಿಲ್ಲ, ಮೇಯಲಿಲ್ಲ.
ದೂರದಲ್ಲೆಲ್ಲೋ ಟ್ರಾಕ್ಟರಿನ ಹಾಡು ಕೇಳಿ
ಕುತ್ತಿಗೆ ಎತ್ತಿ ನಿಂತಳು,
ಯಾರೋ ಹತ್ತಬೇಕಾದವರು ಬರಲಿಲ್ಲವೆಂಬಂತೆ.

ಈಗ ಹೊತ್ತು ಮೂಡುವ ಮೊದಲೇ ಮೋಕಾದ ಬಸ್ಸು ಹಿಡಿಯುತ್ತೇನೆ.
ಬಾನಿಯ ಸುತ್ತ ಒದ್ದೆಯ ಉಸುಕಿನಲ್ಲಿ
ಅವಳ ಹೆಜ್ಜೆ ಹುಡುಕುತ್ತೇನೆ: ಮೂರು ಆಳ, ಒಂದು ಮುಟ್ಟಿದ್ದಷ್ಟೇ.
ಜೋಳದ ದಂಟಿನಿಂದ ಅಳೆಯುತ್ತೇನೆ,
ಉಗುರಿನಿಂದ ಗೀರು ಹಾಕುತ್ತೇನೆ.
ಗೀರುಗಳು ಒಂದು ದಿನ ಮೇಲೆ, ಒಂದು ದಿನ ಕೆಳಗೆ.

ನಿನ್ನೆ ಹೊನ್ನೂರಬಿಯೂ ಬಂದಿದ್ದಳು, ಬೂಸಾದ ಚೀಲ ಹೊತ್ತು.
ಕಿವಿಯಲ್ಲಿ ಓಲೆ.
ನಾಲ್ಕನೆಯ ಹೆಜ್ಜೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ಸುಮ್ಮನೆ ಕೈ ತೋರಿಸಿದಳು.
ಅದರಲ್ಲಿ ನೀರು ನಿಂತಿತ್ತು,
ಒಂದು ಗುಬ್ಬಿ ಕುಡಿದು ಮುಗಿಸುವಷ್ಟು.