ದಿಬ್ಬದ ಮೇಲೆ ದಿಬ್ಬಣ

ಧಾರೆ ನಾಳೆಗೆ. ಆವತ್ತು ಬಿದಿಯಾದಲ್ಲಿ ಮರಳು ನೋಡುವುದು.
ಡಾಂಬರು ಮುಗಿದಲ್ಲಿ ಡ್ರೈವರ್ ಖಲ್ಫಾನ್
ಕುಕ್ಕರಗಾಲಲ್ಲಿ ಕೂತು
ನಾಲ್ಕೂ ಟೈರಿನ ಗಾಳಿ ಬಿಟ್ಟ, ಉಸ್ಸೆಂದು.
"ಬಿಗಿದುಕೊಂಡು ಹೊರಟರೆ ಹೂತುಹೋಗ್ತೀವಂತೆ,"
ಕನ್ನಡಕ್ಕೆ ತಂದ ನಮ್ಮ ಮಾಧು.

ಹಿಂದಿನ ಸೀಟಲ್ಲಿ ಬೀಗರು, ಮುಂದೆ ನಾವು.
ಸಮುದ್ರ ಕಾಣುವ ರೂಮು ಯಾರಿಗೆ ಎಂಬುದರ ಮೇಲೆ
ಬೆಳಗಿನಿಂದ ಮಾತಿಲ್ಲ.

ದಿಬ್ಬ ಹತ್ತಿದೆವು, ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ.
ಬೀಗಿತ್ತಿ ಅಂಬುಜಾಕ್ಷಮ್ಮ ಜಾರಿ
ಸಿಕ್ಕಿದ್ದು ನನ್ನ ಸೆರಗು;
ಇಬ್ಬರೂ ಕೂತ ಹಾಗೇ ಜರ್ರೆಂದು ಕೆಳಗೆ,
ರೇಷ್ಮೆ, ಮಲ್ಲಿಗೆ, ಒಂದೇ ಒಂದು ಚಪ್ಪಲಿ.
ಮೊದಲು ನಕ್ಕಿದ್ದು ಯಾರೋ.

ಮರುದಿನ ಮಸ್ಕತ್ತಿನ ಮಂಟಪದಲ್ಲಿ
ಅಕ್ಷತೆಗೆ ಎತ್ತಿದ ಅವರ ಕೈಯ ಬಳೆಸಂದಿಯಿಂದ
ಮಿಂದರೂ ಹೋಗದ ಚೂರು ಮರಳು
ಮದುಮಗಳ ನೆತ್ತಿಗೆ ಉದುರಿತು.
ನನ್ನತ್ತ ನೋಡಿದರು.
ಮಂತ್ರ ಕೇಳುವವಳ ಹಾಗೆ
ಕಣ್ಣು ಮುಚ್ಚಿಕೊಂಡೆ.